ಅಡಿಕೆ ಸಿಪ್ಪೆಯ ಇದ್ದಿಲು ಮಳೆಗಾಲದಲ್ಲಿ ಸೋತಿತೇ? ಕಾರವಾರದ ಒಂದು ಪ್ರಯೋಗದ ಪ್ರಕರಣ ಅಧ್ಯಯನ

ಮಾರ್ಚ್ ತಿಂಗಳಲ್ಲಿ ನೀರಿನಲ್ಲಿದ್ದ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದ (ಪ್ರೋಟೀನಿನ ಒಂದು ಬಿಡಿಭಾಗ) ಮುಕ್ಕಾಲು ಪಾಲು ಹಿಡಿದಿದ್ದ ಇದ್ದಿಲು ಜೂನ್ ಕೊನೆಗೆ ಅರ್ಧವನ್ನೂ ಹಿಡಿಯಲಿಲ್ಲ. ಅದೇ ಇದ್ದಿಲು, ಅಷ್ಟೇ ತೂಕ, ಅಷ್ಟೇ ನೀರು. ಕಾರವಾರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ಇಬ್ಬರ ಪ್ರಾಜೆಕ್ಟ್ ಇದು. ವರದಿ ಒಪ್ಪಿಸುವ ಗಡುವು ಹತ್ತಿರವಾಗಿತ್ತು. ಅವರ ಗೈಡ್ ನನಗೆ ಪರಿಚಯದವರು. ಫೋನ್ ಮಾಡಿ, 'ಮೂರು ತಿಂಗಳಲ್ಲಿ ಕಾರ್ಬನ್ ಕೆಟ್ಟು ಹೋಗ್ತದಾ? ಒಮ್ಮೆ ಬಂದು ನೋಡಿ' ಅಂದರು.

ಇದ್ದಿಲು ಕೆಟ್ಟಿರಲಿಲ್ಲ. ಹಾಗಾದರೆ ಕೆಟ್ಟದ್ದು ಏನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಅಡಿಕೆ ಸಿಪ್ಪೆ, ತೆಂಗಿನ ಗೆರಟೆ, ಭತ್ತದ ಉಮಿ, ಗೇರು ಸಿಪ್ಪೆ ಇವೆಲ್ಲ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಇವುಗಳಿಂದ ಸಕ್ರಿಯ ಇಂಗಾಲ, ಅಂದರೆ ಸಣ್ಣ ರಂಧ್ರಗಳು ತುಂಬಿದ ಇದ್ದಿಲು, ಮಾಡುವ ಹುಮ್ಮಸ್ಸಿನ ಮಕ್ಕಳು ಮುಂದೆಯೂ ಬರುತ್ತಾರೆ. ಅವರ ಶ್ರಮ ಒಂದು ತಪ್ಪು ಅಂಕಿಯಲ್ಲಿ ಮುಗಿದು ಹೋಗಬಾರದು.

ಸಿಪ್ಪೆ ಮತ್ತು ಮೀನು

ಇಬ್ಬರಲ್ಲಿ ಒಬ್ಬಳು ಸಿರ್ಸಿ ಕಡೆಯ ತೋಟದ ಮನೆಯ ಹುಡುಗಿ. ಇನ್ನೊಬ್ಬ ಕಾರವಾರದವನೇ, ಅವನ ಮನೆಯವರದು ಬೈತಖೋಲ ಬಂದರಿನಲ್ಲಿ ಮೀನಿನ ವ್ಯಾಪಾರ. ಅವಳ ಊರಲ್ಲಿ ರಸ್ತೆ ಬದಿಗೆ ಸುರಿದ ಅಡಿಕೆ ಸಿಪ್ಪೆಯ ರಾಶಿ, ಇವನ ಊರಲ್ಲಿ ಮೀನು ತೊಳೆದ ನೀರಿನ ನಾತ. ಒಂದರಿಂದ ಇನ್ನೊಂದನ್ನು ಸರಿಮಾಡಬಹುದೇ ಎಂದು ಯೋಚಿಸಿ ವಿಷಯ ಆಯ್ದುಕೊಂಡಿದ್ದರು. ಮೀನಿನ ರಕ್ತ, ಲೋಳೆ, ಮಾಂಸದ ಚೂರು ನೀರಿನಲ್ಲಿ ಕೊಳೆತಾಗ ಪ್ರೋಟೀನು ಒಡೆದು ಪೆಪ್ಟೈಡ್, ಅಮೈನೋ ಆಮ್ಲ, ಕೊನೆಗೆ ಅಮೋನಿಯ ಆಗುತ್ತದೆ. ಆ ನೀರನ್ನು ನೇರವಾಗಿ ಪ್ರಯೋಗಕ್ಕೆ ತಂದರೆ ಏನು ಹೋಯಿತು, ಏನು ಉಳಿಯಿತು ಎಂದು ಹೇಳುವುದೇ ಕಷ್ಟ. ಹಾಗಾಗಿ ಮೊದಲು ಎರಡೇ ಶುದ್ಧ ಅಮೈನೋ ಆಮ್ಲ ತೆಗೆದುಕೊಂಡರು: ಗ್ಲೈಸಿನ್ ಮತ್ತು ಫಿನೈಲ್‌ಅಲನಿನ್. ಗೈಡ್ ಮಾಡಿಸಿದ ಈ ಆಯ್ಕೆ ಬಹಳ ಒಳ್ಳೆಯದಾಗಿತ್ತು. ಮುಂದೆ ಇಡೀ ಗಂಟು ಬಿಚ್ಚಿದ್ದೂ ಇದರಿಂದಲೇ.

ಸಿಪ್ಪೆಯ ಆಯ್ಕೆ ಮಾತ್ರ ಹುಡುಗಿಯ ಅಪ್ಪನದು. ಅವಳು ಹಸಿ ಅಡಿಕೆ ಸುಲಿದ ಸಿಪ್ಪೆಯನ್ನು ಚೀಲಕ್ಕೆ ತುಂಬುತ್ತಿದ್ದಾಗ ಅವರು ತಡೆದರಂತೆ: 'ಕೂಸೆ, ಹಸಿ ಸಿಪ್ಪೆ ತಗಂಡು ಹೋಗಡ. ಚಾಲಿ ಸಿಪ್ಪೆ ಇದ್ದು ಅಲ್ದಾ, ಅದ್ನ ತಗ.' ಹಸಿ ಸಿಪ್ಪೆ ಚೀಲದಲ್ಲಿ ಎರಡು ದಿನ ಇದ್ದರೆ ಬಿಸಿಯೇರಿ ಬೂಸಲು ಹಿಡಿಯುತ್ತದೆ. ಚಾಲಿಗೆಂದು ವಾರಗಟ್ಟಲೆ ಅಂಗಳದ ಬಿಸಿಲಿನಲ್ಲಿ ಒಣಗಿದ ಹಣ್ಣಡಿಕೆಯ ಸಿಪ್ಪೆ ಹಗುರ, ನಾರು ನಾರು, ಒಣಗಿ ಗರಿಗರಿ. ಘಟ್ಟ ಇಳಿಸಿ ಕಾರವಾರಕ್ಕೆ ತಂದರೂ ಅದಕ್ಕೆ ಏನೂ ಆಗುವುದಿಲ್ಲ.

ಸಿಪ್ಪೆಯನ್ನು ತೊಳೆದು, ಒಣಗಿಸಿ, ಸಣ್ಣಗೆ ಕತ್ತರಿಸಿ, ಫಾಸ್ಫಾರಿಕ್ ಆಮ್ಲದಲ್ಲಿ ಒಂದು ರಾತ್ರಿ ನೆನೆಸಿದರು. ಓವನ್‌ನಲ್ಲಿ ನೀರಾರಿಸಿ, ಮುಚ್ಚಿದ ಮೂಸೆಯಲ್ಲಿಟ್ಟು ಮಫಲ್ ಫರ್ನೇಸಿನಲ್ಲಿ 450 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟರು. ಸಾಧನಗಳು ಕಡಿಮೆ ಇರುವ ಲ್ಯಾಬಿಗೆ ಇದು ಹೇಳಿ ಮಾಡಿಸಿದ ವಿಧಾನ. ಹಬೆಯಿಂದ ಸಕ್ರಿಯಗೊಳಿಸಲು 800ರಿಂದ 900 ಡಿಗ್ರಿ ಬೇಕು. ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ಗೂ 700ರ ಮೇಲೆ ಬೇಕು, ಜೊತೆಗೆ ಅದು ಮೂಸೆಯನ್ನೇ ತಿನ್ನುತ್ತದೆ. ಫಾಸ್ಫಾರಿಕ್ ಆಮ್ಲ 400ರಿಂದ 500 ಡಿಗ್ರಿಯಲ್ಲಿ ಕೆಲಸ ಮುಗಿಸುತ್ತದೆ. ಅದು ಸಿಪ್ಪೆಯ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್‌ಗಳಿಂದ ನೀರನ್ನು ಕಿತ್ತುಕೊಳ್ಳುತ್ತ, ಸರಪಳಿಗಳ ನಡುವೆ ತಾನೇ ಸೇರಿಕೊಂಡು ಹಿಗ್ಗಿಸುತ್ತದೆ. ಸುಟ್ಟ ಮೇಲೆ ಬಿಸಿನೀರಿನಲ್ಲಿ ತೊಳೆದರೆ ಆಮ್ಲ ಹೊರಬಂದು, ಅದು ಕೂತಿದ್ದ ಜಾಗವೆಲ್ಲ ರಂಧ್ರವಾಗಿ ಉಳಿಯುತ್ತದೆ. ಮಾರುಕಟ್ಟೆಯ ಸಕ್ರಿಯ ಇಂಗಾಲಕ್ಕೆ ಗ್ರಾಮಿಗೆ ಸಾಮಾನ್ಯವಾಗಿ 500ರಿಂದ 1500 ಚದರ ಮೀಟರ್ ಮೈ ಇರುತ್ತದೆ. ಅದರ ಬಹುಪಾಲು ಇಂಥ ರಂಧ್ರಗಳ ಒಳಗೋಡೆಯೇ. ಉಮಿಯಲ್ಲಾದರೆ ಸುಟ್ಟ ಮೇಲೆ ಸಿಲಿಕಾ ಬೂದಿ ಬಹಳ ಉಳಿಯುತ್ತದೆ, ಅದನ್ನು ಕ್ಷಾರದಲ್ಲಿ ಕರಗಿಸಿ ತೆಗೆಯುವ ಇನ್ನೊಂದು ಕೆಲಸ ಬೀಳುತ್ತದೆ. ಅಡಿಕೆ ಸಿಪ್ಪೆಗೆ ಆ ತಾಪತ್ರಯ ಇಲ್ಲ.

ತೊಳೆದ ನೀರಿನ ವಿಷಯ ವರದಿಗಳಲ್ಲಿ ಬರುವುದೇ ಇಲ್ಲ, ಬರಬೇಕು. ಆ ನೀರಿನ ತುಂಬ ಫಾಸ್ಫಾರಿಕ್ ಆಮ್ಲ. ಸಿಂಕಿಗೆ ಸುರಿದರೆ ಗಟಾರ, ಗಟಾರದಿಂದ ಹಳ್ಳ, ಅಲ್ಲಿ ಪಾಚಿ. ಹುಡುಗ ಅದನ್ನು ಬಕೆಟಿನಲ್ಲಿ ಹಿಡಿದಿಟ್ಟು, ಕರಾವಳಿಯಲ್ಲಿ ಸಿಗುವ ಚಿಪ್ಪಿನ ಸುಣ್ಣ ಕದಡಿ ಹಾಕಿದ. ಕ್ಯಾಲ್ಸಿಯಂ ಫಾಸ್ಫೇಟ್ ಬೆಳ್ಳಗೆ ತಳಕ್ಕೆ ಕೂತಿತು. ಗಸಿಯನ್ನು ಒಣಗಿಸಿ ಹುಡುಗಿಯ ಮನೆಯ ಗೊಬ್ಬರದ ಗುಂಡಿಗೆ ಕಳಿಸಿದರು. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಕೆಲಸ ಇದು. ವರದಿಯ ಮೊದಲ ಕರಡಿನಲ್ಲಿ ಇದರ ಒಂದು ಸಾಲೂ ಇರಲಿಲ್ಲ, ನಾನೇ ಹೇಳಿ ಬರೆಸಿದೆ.

ಒಂದು ಅಂಟುತ್ತದೆ, ಒಂದು ಅಂಟುವುದಿಲ್ಲ

ಮುಂದಿನ ಮಾತು ತಿಳಿಯಬೇಕಾದರೆ ಈ ಎರಡು ಅಮೈನೋ ಆಮ್ಲಗಳ ಸ್ವಭಾವ ಗೊತ್ತಿರಬೇಕು. ಎರಡಕ್ಕೂ ಬೆನ್ನೆಲುಬು ಒಂದೇ: ಒಂದು ಕಡೆ ಅಮೈನೋ ಗುಂಪು, ಇನ್ನೊಂದು ಕಡೆ ಕಾರ್ಬಾಕ್ಸಿಲ್ ಗುಂಪು. ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) 6ರ ಆಸುಪಾಸಿನ ನೀರಿನಲ್ಲಿ ಮೊದಲನೆಯದು ಧನ, ಎರಡನೆಯದು ಋಣ. ಒಟ್ಟಿನಲ್ಲಿ ಅಣುವಿಗೆ ಆವೇಶವಿಲ್ಲ, ಆದರೆ ಎರಡೂ ತುದಿಗೆ ನೀರೆಂದರೆ ಪ್ರೀತಿ. ವ್ಯತ್ಯಾಸ ಇರುವುದು ಪಕ್ಕದ ಕೊಂಬೆಯಲ್ಲಿ. ಗ್ಲೈಸಿನ್‌ಗೆ ಅಲ್ಲಿ ಬರೀ ಒಂದು ಹೈಡ್ರೋಜನ್. ಫಿನೈಲ್‌ಅಲನಿನ್‌ಗೆ ಬೆಂಜೀನ್ ಉಂಗುರ. ಆ ಉಂಗುರಕ್ಕೆ ನೀರು ಬೇಡ, ಇದ್ದಿಲಿನ ಗ್ರಾಫೈಟ್‌ನಂಥ ಹಾಳೆಯ ಮೇಲೆ ಚಪ್ಪಟೆಯಾಗಿ ಒರಗಲು ಜಾಗ ಸಿಕ್ಕರೆ ಸಾಕು. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಗ್ಲೈಸಿನ್ ಸುಮಾರು 250 ಗ್ರಾಂ ಕರಗುತ್ತದೆ, ಫಿನೈಲ್‌ಅಲನಿನ್ 30 ಗ್ರಾಮಿನೊಳಗೆ. ನೀರನ್ನು ಯಾರು ಸುಲಭವಾಗಿ ಬಿಟ್ಟು ಬರುತ್ತಾರೆ ಎಂಬುದು ಈ ಎರಡು ಅಂಕಿಗಳಲ್ಲೇ ಇದೆ.

ಈ ಗುಣವನ್ನು ವೈದ್ಯರು ಎಂದೋ ಬಳಸಿಕೊಂಡಿದ್ದಾರೆ. ಫಿನೈಲ್‌ಕೀಟೋನ್ಯೂರಿಯ ಎಂಬ ಹುಟ್ಟಿನಿಂದ ಬರುವ ತೊಂದರೆಯಲ್ಲಿ ಮಗುವಿನ ದೇಹಕ್ಕೆ ಫಿನೈಲ್‌ಅಲನಿನ್ ಅನ್ನು ಒಡೆಯಲಾಗುವುದಿಲ್ಲ. ಅದು ರಕ್ತದಲ್ಲಿ ಏರಿ ಮಿದುಳನ್ನು ಕೆಡಿಸುತ್ತದೆ. 1934ರಲ್ಲಿ ನಾರ್ವೆಯ ಆಸ್ಬ್ಯೋರ್ನ್ ಫಾಲಿಂಗ್ ಈ ಕಾಯಿಲೆಯನ್ನು ಗುರುತಿಸಿದರು. 1950ರ ದಶಕದ ಆರಂಭದಲ್ಲಿ ಬರ್ಮಿಂಗ್‌ಹ್ಯಾಮ್‌ನ ಮಕ್ಕಳ ಆಸ್ಪತ್ರೆಯಲ್ಲಿ ಹೋರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಹಾಲಿನ ಕೇಸೀನ್ ಪ್ರೋಟೀನನ್ನು ಆಮ್ಲದಿಂದ ಒಡೆದು, ಆ ದ್ರಾವಣವನ್ನು ಸಕ್ರಿಯ ಇದ್ದಿಲಿನ ಮೂಲಕ ಹಾಯಿಸಿದರು. ಉಂಗುರವಿರುವ ಅಮೈನೋ ಆಮ್ಲಗಳು ಇದ್ದಿಲಿಗೆ ಅಂಟಿ ಉಳಿದವು ಹೊರಬಂದವು. ಮಗುವಿಗೆ ಅಗತ್ಯವಾದ ಟೈರೋಸಿನ್ ಮತ್ತು ಟ್ರಿಪ್ಟೋಫ್ಯಾನ್ ಕೂಡ ಇಲ್ಲವಾಗಿದ್ದರಿಂದ ಅವನ್ನು ಬೇರೆಯಾಗಿ ಸೇರಿಸಬೇಕಾಯಿತು. ಆ ಆಹಾರದಿಂದ ಒಂದು ಪುಟ್ಟ ಹೆಣ್ಣುಮಗುವಿನಲ್ಲಿ ಕಂಡ ಸುಧಾರಣೆಯನ್ನು 1953ರಲ್ಲಿ ಪ್ರಕಟಿಸಿದರು. ಇದನ್ನು ಹೇಳಿದಾಗ ಹುಡುಗಿ ತನ್ನ ಕಪ್ಪು ಪುಡಿಯ ಬಾಟಲಿಯನ್ನು ಎತ್ತಿ ನೋಡಿದಳು. ತಾನು ಮಾಡುತ್ತಿರುವುದು ಬರೀ ಮಾರ್ಕ್ಸಿನ ಕೆಲಸವಲ್ಲ ಅಂತ ಅವಳಿಗೆ ಅನಿಸಿರಬೇಕು. ನನಗೂ ಅದೇ ಬೇಕಾಗಿತ್ತು.

ಮಾರ್ಚ್‌ನ ಪಟ್ಟಿ

ಎರಡೂ ತಿಂಗಳ ಲ್ಯಾಬ್ ಪುಸ್ತಕ ಮುಂದಿಟ್ಟುಕೊಂಡು ಕೂತೆವು. ಮಾರ್ಚ್‌ನಲ್ಲಿ ಲೀಟರಿಗೆ 100 ಮಿಲಿಗ್ರಾಂ ಅಮೈನೋ ಆಮ್ಲದ ದ್ರಾವಣ, ಪಿಎಚ್ 7ರ ಫಾಸ್ಫೇಟ್ ಬಫರಿನಲ್ಲಿ, ಅಂದರೆ ಪಿಎಚ್ ಕದಲದಂತೆ ಹಿಡಿದಿಡುವ ದ್ರಾವಣದಲ್ಲಿ. ಒಂದೊಂದು ಫ್ಲಾಸ್ಕಿಗೆ 50 ಮಿಲಿ ದ್ರಾವಣ, 0.1 ಗ್ರಾಂ ಇದ್ದಿಲು. ಶೇಕರಿನಲ್ಲಿ ಕುಲುಕಿ, ಸೋಸಿ, ಅಮೈನೋ ಆಮ್ಲದ ಜೊತೆ ಸೇರಿ ಬಣ್ಣ ಕೊಡುವ ನಿನ್‌ಹೈಡ್ರಿನ್ ಹಾಕಿ ಕುದಿಸಿ, ಬಂದ ನೇರಳೆ ಬಣ್ಣವನ್ನು 570 ನ್ಯಾನೋಮೀಟರ್‌ನಲ್ಲಿ ಅಳೆದಿದ್ದರು. ಫಿನೈಲ್‌ಅಲನಿನ್ ಶೇ. 75ರ ಹತ್ತಿರ ಹೋಗಿತ್ತು. ಗ್ಲೈಸಿನ್ ಶೇ. 20.

ಜೂನ್‌ನಲ್ಲಿ ನಿನ್‌ಹೈಡ್ರಿನ್ ದ್ರಾವಣ ಹಾಳಾಗಿತ್ತು. ಸ್ಟಾನಸ್ ಕ್ಲೋರೈಡ್ ಹಾಕಿ ಮಾಡಿಟ್ಟ ದ್ರಾವಣ ಗಾಳಿ ತಾಗಿದರೆ ಬೇಗ ಕೆಡುತ್ತದೆ. ಹೊಸದು ಬರುವವರೆಗೆ ಕಾಯುವುದು ಬೇಡವೆಂದು ನೇರವಾಗಿ ಅತಿನೇರಳೆ ಬೆಳಕಿನಲ್ಲಿ, ಫಿನೈಲ್‌ಅಲನಿನ್ ಅತಿ ಹೆಚ್ಚು ಹೀರುವ 257 ನ್ಯಾನೋಮೀಟರ್‌ನಲ್ಲಿ ಓದಿದರು. ಬಫರ್ ಇಲ್ಲದೆ, ಬರೀ ನೀರಿನಲ್ಲಿ. ಹೋದದ್ದು ಶೇ. 37. ಗ್ಲೈಸಿನ್ ಆ ಬೆಳಕಿನಲ್ಲಿ ಕಾಣುವುದೇ ಇಲ್ಲವಾದ್ದರಿಂದ ಅದನ್ನು ಪಟ್ಟಿಯಿಂದಲೇ ಬಿಟ್ಟಿದ್ದರು.

'ಮಾರ್ಚ್‌ನ ಡಾಟಾ ಲ್ಯಾಂಗ್ಮ್ಯೂರ್‌ಗೆ ಕರೆಕ್ಟಾಗಿ ಕೂತಿದೆ ಸರ್, 0.99 ಬಂದಿದೆ. ಹಾಗಾಗಿ ಅದು ಸರಿ ಇರಬೇಕಲ್ಲ?' ಅಂದ ಹುಡುಗ. ಈ 0.99ರ ಮೇಲೆ ನಮ್ಮ ಮಕ್ಕಳಿಗೆ ಇರುವ ಭಕ್ತಿ ನನಗೆ ನಿಜಕ್ಕೂ ಚಿಂತೆ ತರುತ್ತದೆ. ನೀರಿನಲ್ಲಿ ಉಳಿದದ್ದಕ್ಕೂ ಇದ್ದಿಲಿಗೆ ಅಂಟಿದ್ದಕ್ಕೂ ಇರುವ ಸಂಬಂಧ ಹೇಳುವುದು ಲ್ಯಾಂಗ್ಮ್ಯೂರ್ ಸಮೀಕರಣ. ಅಳತೆಗಳು ಗೆರೆಗೆ ಎಷ್ಟು ಚೆನ್ನಾಗಿ ಕೂತವು ಎಂಬ ಅಂಕಿ 1ರ ಹತ್ತಿರ ಬಂದಷ್ಟೂ ಒಳ್ಳೆಯದು ಎಂದು ಲೆಕ್ಕ. ಆ ಸಮೀಕರಣವನ್ನು ಸರಳರೇಖೆ ಮಾಡುವ ರೂಢಿಯ ವಿಧಾನದಲ್ಲಿ, ನೀರಿನಲ್ಲಿ ಉಳಿದ ಸಾಂದ್ರತೆ ಅಡ್ಡ ಅಕ್ಷದಲ್ಲೂ ಬರುತ್ತದೆ, ಲಂಬ ಅಕ್ಷದ ಅಂಶದಲ್ಲೂ ಬರುತ್ತದೆ. ಒಂದೇ ಸಂಖ್ಯೆಯನ್ನು ಎರಡು ಕಡೆ ಇಟ್ಟು ಗೆರೆ ಎಳೆದರೆ ಗೆರೆ ನೆಟ್ಟಗೆ ಬರದೆ ಇನ್ನೇನು ಬರುತ್ತದೆ? ಅಳತೆ ತಪ್ಪಿದ್ದರೂ 0.99 ಬರುತ್ತದೆ.

ಇಬ್ಬರೂ ಚಿಂತೆ ಮಾಡುತ್ತಿದ್ದದ್ದು ಜೂನ್‌ನ ಬಗ್ಗೆ. ನನ್ನ ಕಣ್ಣು ನಿಂತದ್ದು ಮಾರ್ಚ್‌ನ ಗ್ಲೈಸಿನ್ ಮೇಲೆ. ಇಷ್ಟು ತೆಳು ದ್ರಾವಣದಿಂದ, ಇಷ್ಟು ಕಡಿಮೆ ಇದ್ದಿಲಿಗೆ, ಗ್ಲೈಸಿನ್ ಐದರಲ್ಲಿ ಒಂದು ಪಾಲು ಅಂಟುವುದು ನಂಬುವ ಮಾತಲ್ಲ. ಅಂಟಲಿಲ್ಲವಾದರೆ ಹೋದದ್ದೆಲ್ಲಿಗೆ?

'ಸೋಸಿದ ಮೇಲೆ ಯಾವಾಗ ಓದಿದ್ರಿ?'

'ಸೋಸಿದ್ದು ಶನಿವಾರ ಸರ್. ಕಲರಿಮೀಟರ್ ಬಿ.ಎಸ್ಸಿ. ಪ್ರಾಕ್ಟಿಕಲ್‌ಗೆ ಬೇಕಿತ್ತು. ನಾವು ಸೋಮವಾರ ಓದಿದ್ವಿ.'

'ಫ್ರಿಜ್‌ನಲ್ಲಿ ಇಟ್ಟಿದ್ರಾ?'

'ಇಲ್ಲ ಸರ್, ರ‍್ಯಾಕಿನಲ್ಲೇ.'

'ಇದ್ದಿಲು ಹಾಕದ ದ್ರಾವಣವನ್ನೂ ಹಾಗೇ ಇಟ್ಟು ಸೋಮವಾರ ಓದಿದ್ರಾ?'

ಹುಡುಗಿ ತಲೆ ಅಲ್ಲಾಡಿಸಿದಳು. ಶುರುವಿನ ಸಾಂದ್ರತೆಯನ್ನು ಶನಿವಾರವೇ ಓದಿ ಮುಗಿಸಿದ್ದರು.

ಮಾರ್ಚ್‌ನ ಕಾರವಾರ. ಕಿಟಕಿ ತೆರೆದ ಲ್ಯಾಬ್. ಅಮೈನೋ ಆಮ್ಲದಲ್ಲಿ ಇಂಗಾಲ ಇದೆ, ಸಾರಜನಕ ಇದೆ. ಫಾಸ್ಫೇಟ್ ಬಫರಿನಲ್ಲಿ ರಂಜಕ ಇದೆ, ಪಿಎಚ್ 7. ಬ್ಯಾಕ್ಟೀರಿಯಕ್ಕೆ ಬಾಳೆ ಎಲೆ ಹಾಸಿ ಬಡಿಸಿದ ಹಾಗೆ. ಎರಡು ರಾತ್ರಿಯಲ್ಲಿ ಅವು ತಮ್ಮ ಪಾಲು ತಿಂದಿದ್ದವು, ತಿಂದದ್ದೆಲ್ಲ ಇದ್ದಿಲಿನ ಖಾತೆಗೆ ಜಮೆಯಾಗಿತ್ತು. ನಿಜ ಹೇಳಬೇಕೆಂದರೆ ತಿಂದದ್ದು ಪಟ್ಟಿಯಲ್ಲಿ ಕಂಡದ್ದಕ್ಕಿಂತ ಹೆಚ್ಚೇ ಇದ್ದಿರಬೇಕು. ಅಮೈನೋ ಆಮ್ಲ ಒಡೆದಾಗ ಬರುವ ಅಮೋನಿಯವೂ ನಿನ್‌ಹೈಡ್ರಿನ್‌ಗೆ ಬಣ್ಣ ಕೊಡುತ್ತದೆ, ನಷ್ಟದ ಒಂದು ಭಾಗವನ್ನು ಅದು ಮುಚ್ಚಿಡುತ್ತದೆ.

ಊಹೆ ಸರಿಯೇ ಎಂದು ನೋಡುವುದು ಸುಲಭ. ಇದ್ದಿಲೇ ಹಾಕದ ಗ್ಲೈಸಿನ್ ದ್ರಾವಣವನ್ನು ಅದೇ ಬಫರಿನಲ್ಲಿ ಮಾಡಿ, ಅದೇ ರ‍್ಯಾಕಿನಲ್ಲಿ ಬಿಟ್ಟೆವು. ಮೂರನೆಯ ದಿನ ಬಾಟಲಿಯನ್ನು ಬೆಳಕಿಗೆ ಹಿಡಿದರೆ ತೆಳ್ಳಗೆ ಮಬ್ಬು. ಹೊಸದಾಗಿ ತರಿಸಿದ ನಿನ್‌ಹೈಡ್ರಿನ್‌ನಲ್ಲಿ ಬಣ್ಣ ಇಳಿದಿತ್ತು. ಇದ್ದಿಲಿಲ್ಲದೆಯೇ ಗ್ಲೈಸಿನ್ ಕಡಿಮೆಯಾಗಿತ್ತು.

ಅಂದರೆ ಎಲ್ಲರೂ ಸರಿ ಎಂದು ನಂಬಿದ್ದ ಮಾರ್ಚ್‌ನ ಅಂಕಿ ಊದಿಕೊಂಡಿತ್ತು. ಗ್ಲೈಸಿನ್ ಅನ್ನು ಕಾಡಿದ್ದು ಫಿನೈಲ್‌ಅಲನಿನ್ ಅನ್ನು ಸುಮ್ಮನೆ ಬಿಟ್ಟಿರುತ್ತದೆ ಎನ್ನಲು ಕಾರಣವಿಲ್ಲ.

ಜೂನ್‌ನ ಲೆಕ್ಕ

ಇನ್ನು ಜೂನ್. ಇದ್ದಿಲನ್ನು ಇಟ್ಟಿದ್ದ ಜಾಗ ತೋರಿಸಿ ಅಂದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಮರದ ಕಪಾಟಿನಲ್ಲಿ ಇಟ್ಟಿದ್ದರು. ಅದೇ ಕಪಾಟಿನ ಉಪ್ಪಿನ ಬಾಟಲಿಗಳೆಲ್ಲ ನೀರೊಡೆದು ಗಟ್ಟಿಯಾಗಿದ್ದವು. ಜೂನ್‌ನಲ್ಲಿ ಕಾರವಾರದ ಗಾಳಿಯ ತೇವ ಎಷ್ಟೆಂದು ಇಲ್ಲಿ ಬಟ್ಟೆ ಒಣಹಾಕಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಫಾಸ್ಫಾರಿಕ್ ಆಮ್ಲದಿಂದ ಮಾಡಿದ ಇದ್ದಿಲಿನ ಮೈ ತುಂಬ ಆಮ್ಲಜನಕದ ಗುಂಪುಗಳಿರುತ್ತವೆ. ತೊಳೆದರೂ ಸ್ವಲ್ಪ ಫಾಸ್ಫೇಟ್ ಉಳಿದಿರುತ್ತದೆ. ಇವೆರಡಕ್ಕೂ ನೀರಿನ ಆಸೆ. ಪುಡಿ ಕೈಗೆ ಒಣಗಿಯೇ ಇರುತ್ತದೆ, ಉಂಡೆ ಕಟ್ಟುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ಕಣ್ಣಿಗೆ ಗೊತ್ತಾಗುವ ಯಾವ ಗುರುತೂ ಇಲ್ಲ.

ತೂಕ ಮಾಡಿ, 105 ಡಿಗ್ರಿಯ ಓವನ್‌ನಲ್ಲಿ ರಾತ್ರಿಯಿಡೀ ಇಟ್ಟು, ಡೆಸಿಕೇಟರಿನಲ್ಲಿ (ಒಳಗಿನ ಗಾಳಿಯನ್ನು ಒಣಗಿಸಿಡುವ ಮುಚ್ಚಿದ ಪಾತ್ರೆ) ಆರಿಸಿ ಮತ್ತೆ ತೂಗಿದೆವು. ನಾಲ್ಕನೇ ಒಂದು ಪಾಲಿಗಿಂತ ತುಸು ಹೆಚ್ಚೇ ಹೋಗಿತ್ತು. ಹುಡುಗಿ ತಕ್ಕಡಿಯ ಅಂಕಿಯನ್ನು ಒಂದೆರಡು ಸಲ ಓದಿಸಿದಳು. 0.1 ಗ್ರಾಂ ಎಂದು ಹಾಕಿದ್ದರಲ್ಲಿ ಇದ್ದಿಲು ಇದ್ದದ್ದು 0.072 ಗ್ರಾಮಿನಷ್ಟು. ಮಿಕ್ಕಿದ್ದು ಅರಬ್ಬೀ ಸಮುದ್ರದ ಗಾಳಿಯಿಂದ ಬಂದ ನೀರು.

ಇದ್ದಿಲು ಕಡಿಮೆ ಬಿದ್ದರೆ ಹಿಡಿಯುವುದೂ ಕಡಿಮೆಯಾಗುತ್ತದೆ. ಆದರೆ ಮುಕ್ಕಾಲಿನಿಂದ ಶೇ. 37ಕ್ಕೆ ಇಳಿಯಲು ಇದೊಂದೇ ಸಾಲದು. ಇನ್ನೊಂದು ಕಾರಣ ಬೇಕಿತ್ತು, ಅದು ಅಳತೆಯ ವಿಧಾನದಲ್ಲೇ ಇತ್ತು.

ಫಿನೈಲ್‌ಅಲನಿನ್ 257 ನ್ಯಾನೋಮೀಟರ್‌ನಲ್ಲಿ ಬೆಳಕು ಹೀರುತ್ತದೆ ಎನ್ನುವುದು ಸರಿ, ಆದರೆ ಬಹಳ ದುರ್ಬಲವಾಗಿ. ಅದರ ಮೋಲಾರ್ ಹೀರಿಕೆ, ಅಂದರೆ ಒಂದು ಮೋಲಿನ ಲೆಕ್ಕದಲ್ಲಿ ಬೆಳಕು ಹೀರುವ ಶಕ್ತಿ, ಸುಮಾರು 195. ಲೀಟರಿಗೆ 100 ಮಿಲಿಗ್ರಾಂ ಎಂದರೆ 0.6 ಮಿಲಿಮೋಲ್, ಒಂದು ಸೆಂಟಿಮೀಟರ್ ಕ್ಯೂವೆಟ್ಟಿನಲ್ಲಿ (ದ್ರಾವಣ ತುಂಬಿ ಅಳೆಯುವ ಪುಟ್ಟ ಪಾತ್ರೆ) ಓದು 0.12 ಮಾತ್ರ. ಇಡೀ ಪ್ರಯೋಗ ನಡೆಯುವುದು ಸೊನ್ನೆಗೂ 0.12ಕ್ಕೂ ನಡುವಿನ ಆ ಕಿರಿದಾದ ಸಂದಿಯಲ್ಲಿ. 450 ಡಿಗ್ರಿಯಲ್ಲಿ ಸುಟ್ಟ ಅಡಿಕೆ ಸಿಪ್ಪೆಯಿಂದ ನೀರಿಗೆ ಸ್ವಲ್ಪ ಕಂದು ಪದಾರ್ಥ ಬಿಟ್ಟೇ ಬಿಡುತ್ತದೆ. ಕಣ್ಣಿಗೆ ಕಾಣದಷ್ಟು ತೆಳು, ಆದರೆ ಅತಿನೇರಳೆಯಲ್ಲಿ ಅದಕ್ಕೆ ಜೋರು ಹೀರಿಕೆ. ಇದರ ಮೇಲೆ, ಸಾಮಾನ್ಯ ಫಿಲ್ಟರ್ ಕಾಗದದಲ್ಲಿ ನುಸುಳುವ ನವುರಾದ ಇದ್ದಿಲ ಧೂಳು ಬೆಳಕನ್ನು ಚೆದುರಿಸಿ ಓದನ್ನು ಮತ್ತಷ್ಟು ಏರಿಸುತ್ತದೆ.

ಬರೀ ನೀರಿಗೆ ಇದ್ದಿಲು ಹಾಕಿ, ಕುಲುಕಿ, ಅದೇ ಕಾಗದದಲ್ಲಿ ಸೋಸಿ ಓದಿದೆವು. 0.03 ಬಂತು. ಅಮೈನೋ ಆಮ್ಲ ಒಂದು ಕಣವೂ ಇಲ್ಲದ ನೀರು ಲೀಟರಿಗೆ 25 ಮಿಲಿಗ್ರಾಂ ಫಿನೈಲ್‌ಅಲನಿನ್ ಇದೆ ಎಂದು ತೋರಿಸುತ್ತಿತ್ತು.

ಈಗ ಜೂನ್‌ನ ಲೆಕ್ಕ ಕೈಯಲ್ಲೇ ಮಾಡಬಹುದು. ಶೇ. 37 ಹೋಗಿದೆ ಎಂದರೆ ಸೋಸಿದ ನೀರಿನ ಓದು 0.076. ಅದರಲ್ಲಿ ಇದ್ದಿಲಿನದೇ 0.03 ಕಳೆದರೆ 0.046. ಅಂದರೆ ನಿಜವಾಗಿ ಹೋದದ್ದು ಶೇ. 62ರ ಹತ್ತಿರ. ಗ್ರಾಮಿಗೆ ಎಷ್ಟು ಹಿಡಿಯಿತು ಎಂದು ನೋಡಿದರೆ ಅಂತರ ಇನ್ನೂ ಸ್ಪಷ್ಟ: 50 ಮಿಲಿಯಲ್ಲಿ ಇದ್ದ 5 ಮಿಲಿಗ್ರಾಮಿನಲ್ಲಿ 3.1 ಮಿಲಿಗ್ರಾಂ ಹೋಗಿದೆ. ಅದನ್ನು 0.1ರಿಂದ ಭಾಗಿಸಿದರೆ ಗ್ರಾಮಿಗೆ 31 ಮಿಲಿಗ್ರಾಂ, ಒಣ ತೂಕವಾದ 0.072ರಿಂದ ಭಾಗಿಸಿದರೆ 43. ಅವರು ಪುಸ್ತಕದಲ್ಲಿ ಬರೆದುಕೊಂಡಿದ್ದದ್ದು 18.5. ಒಂದೇ ಫ್ಲಾಸ್ಕು, ಒಂದೇ ಇದ್ದಿಲು. 18.5ಕ್ಕೂ 43ಕ್ಕೂ ನಡುವಿನ ಅಂತರವೆಲ್ಲ ಒಂದು ಓವನ್ ಮತ್ತು ಅಮೈನೋ ಆಮ್ಲವಿಲ್ಲದ ಒಂದು ಬಾಟಲಿಯದು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದ್ರೆ ಸರ್, ಎರಡು ತಿಂಗಳದ್ದೂ ತೆಗೆದು ಹಾಕ್ಬೇಕಾ?' ಅಂದ. ತೆಗೆಯಬೇಡಿ, ಮಾರ್ಚ್‌ನದು ಯಾಕೆ ಹೆಚ್ಚು, ಜೂನ್‌ನದು ಯಾಕೆ ಕಡಿಮೆ ಎಂದು ಬರೆದು ಎರಡನ್ನೂ ಅನುಬಂಧದಲ್ಲಿ ಇಡಿ ಅಂದೆ. ಗೈಡ್ ಒಪ್ಪಿದರು. ವರದಿ ಒಪ್ಪಿಸುವ ದಿನವನ್ನೂ ಅವರೇ ಮಾತಾಡಿ ಮುಂದಕ್ಕೆ ಹಾಕಿಸಿದರು. ಆ ಧೈರ್ಯಕ್ಕೆ ನಾನು ಅವರಿಗೆ ಋಣಿ.

ಜುಲೈನಲ್ಲಿ ಮತ್ತೆ

ಈ ಸಲ ಇದ್ದಿಲನ್ನು ಮತ್ತೆ ಬಿಸಿನೀರಿನಲ್ಲಿ ತೊಳೆದರು. ತೊಳೆದ ನೀರಿಗೆ ಅಮೋನಿಯಂ ಮಾಲಿಬ್ಡೇಟ್ ಮತ್ತು ನೈಟ್ರಿಕ್ ಆಮ್ಲ ಹಾಕಿ ಬಿಸಿ ಮಾಡಿದಾಗ ಫಾಸ್ಫೇಟಿನ ಹಳದಿ ಗಸಿ ಕಾಣದಾಗುವವರೆಗೆ ಬಿಡಲಿಲ್ಲ. ಪಿಎಚ್ ಕಾಗದ ನೋಡಿ ತೊಳೆಯುವುದನ್ನು ನಿಲ್ಲಿಸುವುದಕ್ಕಿಂತ ಇದು ಗಟ್ಟಿ ಪರೀಕ್ಷೆ. ಒಣಗಿಸಿ, ಗಾಜಿನ ಬಿರಡೆಯ ಬಾಟಲಿಗೆ ತುಂಬಿ ಡೆಸಿಕೇಟರಿನಲ್ಲಿಟ್ಟರು. ಮಳೆಗಾಲದಲ್ಲಿ ಅದರ ಸಿಲಿಕಾ ಜೆಲ್ ಕೂಡ ಬೇಗ ಬಣ್ಣ ತಿರುಗುತ್ತದೆ, ಆಗಾಗ ಓವನ್‌ನಲ್ಲಿ ಹುರಿದು ಹಾಕಬೇಕು.

ಫಾಸ್ಫೇಟ್ ಬಫರ್ ಬಿಟ್ಟರು. ಕುದಿಸಿ ಆರಿಸಿದ ಭಟ್ಟಿ ಇಳಿಸಿದ ನೀರಿನಲ್ಲಿ ಬೆಳಿಗ್ಗೆ ದ್ರಾವಣ ಮಾಡಿದರೆ ಸಂಜೆಯೊಳಗೆ ಓದಿ ಮುಗಿಸಬೇಕು ಎಂದು ಕಟ್ಟು ಮಾಡಿಕೊಂಡರು. 24 ಗಂಟೆ ಕುಲುಕುವ ರೂಢಿಯನ್ನೂ ಪರೀಕ್ಷಿಸಿದೆವು. ಮೊದಲ ಒಂದು ಗಂಟೆಯಲ್ಲೇ ಹೆಚ್ಚಿನದು ಅಂಟಿ, ನಾಲ್ಕು ಗಂಟೆಯ ನಂತರ ಓದು ಕದಲಲಿಲ್ಲ. ನಾಲ್ಕು ಗಂಟೆ ಸಾಕಾಯಿತು, ಬ್ಯಾಕ್ಟೀರಿಯಕ್ಕೆ ಸಮಯ ಸಿಗಲಿಲ್ಲ. ಪ್ರತಿ ಸಲವೂ ಇದ್ದಿಲು ಮತ್ತು ಬರೀ ನೀರಿನ ಬಾಟಲಿ, ಇದ್ದಿಲಿಲ್ಲದ ಅಮೈನೋ ಆಮ್ಲದ ಬಾಟಲಿ, ಗ್ಲೈಸಿನ್ ಮತ್ತು ಇದ್ದಿಲಿನ ಬಾಟಲಿ ಜೊತೆಗಿದ್ದವು. ಕೊನೆಯ ಬಾಟಲಿ ಯಾಕೆ ಎಂದು ಹುಡುಗಿ ಕೇಳಿದಳು. ಗ್ಲೈಸಿನ್ ಅಂಟದ್ದು ಇದ್ದಿಲಿನ ಸೋಲು ಅಂತಲೇ ಅವಳು ತಿಳಿದಿದ್ದಳು. ಅಂಟಬಾರದ್ದು ಅಂಟಿದ ಹಾಗೆ ಕಂಡ ದಿನ ನಿಮ್ಮ ಅಳತೆ ಎಲ್ಲೋ ತಪ್ಪಿದೆ ಎಂದು ಅರ್ಥ, ಅದನ್ನು ಹೇಳಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ ಅಂದೆ.

ಫಲಿತಾಂಶ ಸರಳವಾಗಿದೆ. ಒಣ ತೂಕದ 0.1 ಗ್ರಾಂ ಇದ್ದಿಲಿಗೆ ಫಿನೈಲ್‌ಅಲನಿನ್‌ನ ಮೂರರಲ್ಲಿ ಎರಡು ಪಾಲು ಅಂಟುತ್ತದೆ. ಅತಿನೇರಳೆ ಓದಿನಲ್ಲೂ ಅಷ್ಟೇ, ನಿನ್‌ಹೈಡ್ರಿನ್‌ನಲ್ಲೂ ಹತ್ತಿರಹತ್ತಿರ ಅಷ್ಟೇ. ಗ್ಲೈಸಿನ್ ಅಳತೆಯ ತಪ್ಪಿನ ಮಿತಿಯೊಳಗೆ, ಅಂದರೆ ಇಲ್ಲವೆನ್ನುವಷ್ಟು. ಪಿಎಚ್ ಬದಲಿಸಿದಾಗ ಫಿನೈಲ್‌ಅಲನಿನ್ ಅತಿ ಚೆನ್ನಾಗಿ ಅಂಟಿದ್ದು 5.5ರ ಆಸುಪಾಸಿನಲ್ಲಿ. ಅದರ ಸಮವಿದ್ಯುತ್ ಬಿಂದು ಇರುವುದೂ ಅಲ್ಲೇ. ಅಣುವಿನ ಒಟ್ಟು ಆವೇಶ ಸೊನ್ನೆಯಾದಾಗ ನೀರಿನ ಹಿಡಿತ ಅತಿ ಸಡಿಲ. ಪಿಎಚ್ 10 ದಾಟಿದರೆ ಅಣುವೂ ಋಣ, ಆಮ್ಲೀಯ ಗುಂಪುಗಳಿರುವ ಇದ್ದಿಲಿನ ಮೈಯೂ ಋಣ. ಅಂಟುವುದು ಬಹಳ ಕಡಿಮೆಯಾಗುತ್ತದೆ. ಹಾಗಾಗಿ ತೆಳು ಕ್ಷಾರದಲ್ಲಿ ತೊಳೆದು ಅಂಟಿದ್ದನ್ನು ಬಿಡಿಸಿ ಇದ್ದಿಲನ್ನು ಮತ್ತೆ ಬಳಸಬಹುದು. ಉಪ್ಪು ಸೇರಿಸಿದಾಗ ಹಿಡಿತ ಕುಂದಲಿಲ್ಲ, ಸ್ವಲ್ಪ ಹೆಚ್ಚೇ ಆಯಿತು. ಕರಾವಳಿಯ ಉಪ್ಪುಮಿಶ್ರಿತ ನೀರಿಗೆ ಇದು ಒಳ್ಳೆಯ ಸುದ್ದಿ.

ಬಂದರಿನ ನೀರು

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೈತಖೋಲದ ಮೀನು ತೊಳೆದ ನೀರು ಸಿಕ್ಕಿದ್ದು ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದ ಮೇಲೆಯೇ. ಹುಡುಗ ಬಂಗಡೆ, ತಾರ್ಲೆ ತೊಳೆದ ನೀರನ್ನು ಐಸ್ ಡಬ್ಬಿಯಲ್ಲಿ ತಂದ. ಇದ್ದಿಲು ಹಾಕಿ ಕುಲುಕಿ ಸೋಸಿದಾಗ ಕೆಂಪು ಬಹಳ ತಿಳಿಯಾಯಿತು, ನಾತ ತಗ್ಗಿತು. ಇಬ್ಬರ ಮುಖವೂ ಅರಳಿತು. ಆದರೆ ನಿನ್‌ಹೈಡ್ರಿನ್ ಹಾಕಿದರೆ ನೇರಳೆ ಬಣ್ಣ ಹೆಚ್ಚುಕಡಿಮೆ ಇದ್ದಷ್ಟೇ ಇತ್ತು.

ಕಾರಣ ಈಗ ಅವರಿಗೇ ಗೊತ್ತಿತ್ತು, ನಾನು ಹೇಳಬೇಕಾಗಲಿಲ್ಲ. ಮೀನಿನ ನೀರಿನಲ್ಲಿರುವ ಬಿಡಿ ಅಮೈನೋ ಆಮ್ಲಗಳಲ್ಲಿ ಹೆಚ್ಚಿನವು ನೀರನ್ನು ಬಿಡಲೊಲ್ಲದ ಜಾತಿಯವು, ಜೊತೆಗೆ ಅಮೋನಿಯ. ಬೆಂಜೀನ್ ಉಂಗುರವಿರುವವು ಕೆಲವೇ. ಅದರ ಮೇಲೆ ರಕ್ತದ ಪ್ರೋಟೀನು ಮತ್ತು ತಾರ್ಲೆಯ ಎಣ್ಣೆ ಇದ್ದಿಲಿನ ರಂಧ್ರದ ಬಾಯಿಗೇ ಕೂತು ಬಿಡುತ್ತವೆ. 'ಅಡಿಕೆ ಸಿಪ್ಪೆಯಿಂದ ಬಂದರಿನ ನೀರು ಶುದ್ಧ' ಎಂಬ ಶೀರ್ಷಿಕೆಯನ್ನು ಅವರೇ ಹೊಡೆದು ಹಾಕಿ, 'ಫಿನೈಲ್‌ಅಲನಿನ್‌ನ ಆಯ್ದ ಅಧಿಶೋಷಣೆ' ಎಂದು, ಅಂದರೆ ಇದ್ದಿಲು ಅದನ್ನಷ್ಟೇ ಆರಿಸಿ ಮೈಗೆ ಅಂಟಿಸಿಕೊಳ್ಳುವುದು ಎಂದು ಬರೆದರು. ಬಂದರಿನ ನೀರಿಗೆ ಬೇಕಿರುವುದು ಎಣ್ಣೆ ಮತ್ತು ಚೂರುಗಳನ್ನು ತೆಗೆಯುವ ತೊಟ್ಟಿ, ಆಮೇಲೆ ಗಾಳಿ ಊದಿ ಬ್ಯಾಕ್ಟೀರಿಯದಿಂದಲೇ ಮಾಡಿಸುವ ಶುದ್ಧೀಕರಣ. ಇದ್ದಿಲು ಅಲ್ಲಿ ಕೊನೆಯ ಹಂತದ ಸಹಾಯಕ್ಕೆ ಬಂದರೆ ಬರಬಹುದು.

ಈ ಇದ್ದಿಲಿಗೆ ಸರಿಯಾದ ಕೆಲಸ ಬೇರೆ ಇದೆ ಎಂದು ನನ್ನ ಅಭಿಪ್ರಾಯ. ಮೀನಿನ ತಲೆ, ಮುಳ್ಳಿಗೆ ಅಂಟಿದ ಮಾಂಸವನ್ನು ಪಪ್ಪಾಯಿಯ ಪಪೇನ್ ಕಿಣ್ವದಿಂದ ಒಡೆದು ಪ್ರೋಟೀನು ದ್ರಾವಣ ಮಾಡಿದರೆ ಅದು ಕಹಿಯಾಗುತ್ತದೆ. ಆ ಕಹಿಗೆ ಮುಖ್ಯ ಕಾರಣ ನೀರೊಲ್ಲದ ಪಕ್ಕದ ಕೊಂಬೆಗಳಿರುವ ಸಣ್ಣ ಪೆಪ್ಟೈಡುಗಳು, ಅಂದರೆ ಇದ್ದಿಲು ಹುಡುಕಿಕೊಂಡು ಹಿಡಿಯುವ ಜಾತಿಯೇ. ಮುಂದಿನ ವರ್ಷದ ತಂಡ ಅದನ್ನು ಎತ್ತಿಕೊಳ್ಳಲಿದೆ. ಅದಕ್ಕೂ ಮೊದಲು ಅವರು ಟ್ರಿಪ್ಟೋಫ್ಯಾನ್‌ನಿಂದ ಶುರು ಮಾಡುತ್ತಾರೆ. 280 ನ್ಯಾನೋಮೀಟರ್‌ನಲ್ಲಿ ಅದರ ಮೋಲಾರ್ ಹೀರಿಕೆ 5500ರ ಆಸುಪಾಸು, 257ರಲ್ಲಿ ಫಿನೈಲ್‌ಅಲನಿನ್‌ಗೆ ಇರುವುದರ ಇಪ್ಪತ್ತೈದು ಪಟ್ಟಿಗೂ ಹೆಚ್ಚು. ಇದ್ದಿಲಿನಿಂದ ಬಿಡುವ ಕಂದು ಬಣ್ಣ ಅಲ್ಲಿ ಇಷ್ಟೊಂದು ದಾರಿ ತಪ್ಪಿಸಲಾರದು.